ಪರಮಾಣುವಿಗೊಂದು ಫ್ಲೆಕ್ಸು

ಪರಮಾಣುಗಳನ್ನು ತೋರಿಸುವ ಯಂತ್ರ ನಮ್ಮ ಕಾಲೇಜಿಗೆ ಬಂದ ದಿನ ಎಲ್ಲರಿಗಿಂತ ಹೆಚ್ಚು ನಿರಾಶರಾದವರು ನಮ್ಮ ಸಂಚಾಲಕರು. ಆಡಳಿತ ಮಂಡಳಿಯ ಪರವಾಗಿ ಕಾಲೇಜನ್ನು ನಡೆಸುವವರು ಅವರೇ. ಮುಂಬೈಯಲ್ಲಿ ಹೋಟೆಲುಗಳನ್ನು ಕಟ್ಟಿ ಗೆದ್ದು ಊರಿಗೆ ಮರಳಿದವರು. ಯಾವ ವಸ್ತುವಿನ ಯೋಗ್ಯತೆಯನ್ನಾದರೂ ಅದರ ಗಾತ್ರದಿಂದಲೇ ಅಳೆಯುವ ಅಭ್ಯಾಸ. ಅಂದು ವ್ಯಾನಿನಿಂದ ಇಳಿದದ್ದು ಒಂದೇ ಒಂದು ಪೆಟ್ಟಿಗೆ. ಅದರೊಳಗೆ ಥರ್ಮೋಕೋಲು, ಥರ್ಮೋಕೋಲಿನ ನಡುವೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಸಣ್ಣ ಟಿಫಿನ್ ಕ್ಯಾರಿಯರಿನಷ್ಟು ಎತ್ತರದ ಒಂದು ಉಪಕರಣ. ಸಂಚಾಲಕರು ಅದಕ್ಕೊಂದು ಪ್ರದಕ್ಷಿಣೆ ಬಂದರು.

"ಉಳಿದದ್ದು ಎಲ್ಲಿ ಉಂಟು?" ಎಂದು ನನ್ನನ್ನು ಕೇಳಿದರು.

"ಇಷ್ಟೇ ಸರ್. ಇನ್ನು ಕಂಪ್ಯೂಟರಿಗೆ ಸಿಕ್ಕಿಸುದು ಮಾತ್ರ."

"ಅಲ್ಲ ಮೇಡಂ, ಆಸ್ಪತ್ರೆಯ ಎಂ.ಆರ್.ಐ. ಮಶೀನಿನ ಹಾಗೆ ಇರ್ತದೆ ಅಂತ ಎಣಿಸಿ ನಾನು ಬಾಗಿಲು ಅಗಲ ಮಾಡಿಸಿದ್ದು!"

ಹೌದು, ಅಗಲ ಮಾಡಿಸಿದ್ದರು. ಮೂರನೆಯ ಮಹಡಿಯ ಆ ಕೋಣೆಯ ಗೋಡೆ ಒಡೆಸಿ, ಎರಡು ಎಮ್ಮೆಗಳು ಜೊತೆಯಾಗಿ ಒಳಗೆ ಬರಬಹುದಾದಷ್ಟು ದೊಡ್ಡ ಗಾಜಿನ ಬಾಗಿಲು ಇಡಿಸಿದ್ದರು. ಯಂತ್ರವನ್ನು ನಾನು ಒಂದೇ ಕೈಯಲ್ಲಿ ಹಿಡಿದುಕೊಂಡು ಆ ಬಾಗಿಲಿನಿಂದ ಒಳಗೆ ಹೋದೆ.

ನಾನು ಆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಮನೆ ಗುರುವಾಯನಕೆರೆಯಲ್ಲಿ, ಕಾಲೇಜು ಅಲ್ಲಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಒಂದು ಗುಡ್ಡದ ತಲೆ ಕತ್ತರಿಸಿ ಸಮತಟ್ಟು ಮಾಡಿದ ಜಾಗದಲ್ಲಿದೆ. ಈ ಯಂತ್ರಕ್ಕಾಗಿ ಅರ್ಜಿ ಹಾಕಿದವಳು ನಾನೇ. ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್ ಎಂದು ಅದರ ಹೆಸರು. ವಿದ್ಯಾರ್ಥಿಯಾಗಿದ್ದಾಗಿನಿಂದ ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ, ಅದರ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದ್ದೆ. ಈಜಲು ಬಾರದವಳು ಈಜು ಕಲಿಸಿದ ಹಾಗೆ. ಈಗ ನಿಜವಾಗಿಯೂ ನೀರು ಸಿಕ್ಕಿತ್ತು. ಅದನ್ನು ಮೂರನೆಯ ಮಹಡಿಯಲ್ಲಿ ಇಟ್ಟದ್ದು ಮಾತ್ರ ನನ್ನ ಎದೆಗೆ ಕಲ್ಲು ಹೇರಿದ ಹಾಗಾಗಿತ್ತು.

ಅದಕ್ಕೆ ಅಲುಗಾಟವೆಂದರೆ ಆಗುವುದಿಲ್ಲ. ಕೋಣೆಯೊಳಗೆ ಯಾರಾದರೂ ಕುರ್ಚಿ ಎಳೆದರೂ ಸಿಟ್ಟಾಗುತ್ತದೆ. ನೆಲಮಹಡಿಯಲ್ಲಿ ಒಂದು ಮೂಲೆ ಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿಕೊಂಡಿದ್ದೆ.

"ಕೆಳಗೆ ಅಡ್ಮಿಷನ್ ಆಫೀಸು ಉಂಟಲ್ಲ ಮೇಡಂ," ಎಂದರು ಅವರು. "ಮೇಲೆ ಆದ್ರೆ ಗೆಸ್ಟುಗಳಿಗೆ ತೋರಿಸ್ಲಿಕ್ಕೆ ಚಂದ. ಲಿಫ್ಟಿನಿಂದ ಹೊರಗೆ ಬಂದ ಕೂಡ್ಲೇ ಕಾಣ್ತದೆ."

ಲಿಫ್ಟಿನಿಂದ ಹೊರಗೆ ಬಂದ ಕೂಡಲೇ ಎಡಕ್ಕೆ ಯಂತ್ರದ ಕೋಣೆ, ಬಲಕ್ಕೆ ನೃತ್ಯ ತಂಡದ ಅಭ್ಯಾಸದ ಸಭಾಂಗಣ. ನಮ್ಮ ಕಡೆಯ ಕಾಲೇಜುಗಳಲ್ಲಿ ಭೌತಶಾಸ್ತ್ರಕ್ಕಿಂತ ನೃತ್ಯಕ್ಕೆ ಮರ್ಯಾದೆ ಹೆಚ್ಚು. ತಪ್ಪೇನಲ್ಲ, ನೃತ್ಯವಾದರೆ ಬರಿಗಣ್ಣಿಗೆ ಕಾಣುತ್ತದೆ.

ಉದ್ಘಾಟನೆ ನಡೆಯಿತು. ಉದ್ಘಾಟನೆಯಿಲ್ಲದೆ ನಮ್ಮಲ್ಲಿ ಒಂದು ನಲ್ಲಿಯಲ್ಲೂ ನೀರು ಬರುವುದಿಲ್ಲ. ಚೆಂಡೆಯವರು ಬಂದು ಗಾಜಿನ ಬಾಗಿಲಿನ ಎದುರೇ ನಿಂತು ಬಾರಿಸಿದರು. ದೀಪ ಹಚ್ಚಿದರು, ತೆಂಗಿನಕಾಯಿ ಒಡೆದರು, ಅಗರಬತ್ತಿಯ ಹೊಗೆ ಏಸಿಯ ಗಾಳಿಗೆ ಕೋಣೆಯೆಲ್ಲ ಸುತ್ತಿತು. ಸಂಚಾಲಕರು ಉಂಗುರ ಬೆರಳಿನಲ್ಲಿ ಕುಂಕುಮ ಅದ್ದಿಕೊಂಡು ಯಂತ್ರದ ಕಡೆಗೆ ಬರುವಾಗ ನಾನು ಅಡ್ಡ ನಿಂತು, "ಸರ್, ಮುಚ್ಚಳಕ್ಕೆ ಹಚ್ಚಿ, ಒಳಗೆ ಬೇಡ," ಎಂದೆ.

"ಯಾಕೆ?"

"ಒಳಗಿನದ್ದು ತುಂಬ ಸೂಕ್ಷ್ಮ ಸರ್. ಒಂದು ಧೂಳಿನ ಕಣ ಅದಕ್ಕೆ ನಮ್ಮ ಕುದುರೆಮುಖ ಇದ್ದ ಹಾಗೆ."

ಈ ಮಾತು ಅವರಿಗೆ ಹಿಡಿಸಿತು. ಆ ದಿನದ ಭಾಷಣದಲ್ಲಿ ಕುದುರೆಮುಖ ಎರಡು ಸಲ ಬಂತು, ಭೌತಶಾಸ್ತ್ರ ಬರಲಿಲ್ಲ. ಭಾಷಣಕ್ಕೆ ಮುಂಚೆ ಅವರು ನನ್ನನ್ನು ಬದಿಗೆ ಕರೆದು, ಇದು ಕೆಲಸ ಮಾಡುವುದು ಹೇಗೆಂದು ಎರಡೇ ಮಾತಿನಲ್ಲಿ ಹೇಳಿ ಎಂದಿದ್ದರು. ನಾನು ಹೇಳಿದ್ದೆ. ಒಂದು ಲೋಹದ ತಂತಿಯ ಮೊನೆ, ಎಷ್ಟು ಚೂಪೆಂದರೆ ತುತ್ತ ತುದಿಯಲ್ಲಿ ಒಂದೇ ಪರಮಾಣು. ಅದನ್ನು ನೋಡಬೇಕಾದ ವಸ್ತುವಿನ ಮೇಲ್ಮೈಗೆ ಮುಟ್ಟಿತೋ ಎನ್ನುವಷ್ಟು ಹತ್ತಿರ ತರುತ್ತೇವೆ, ಆದರೆ ಮುಟ್ಟಿಸುವುದಿಲ್ಲ. ನಡುವೆ ಎರಡು ಮೂರು ಪರಮಾಣು ಹಿಡಿಯುವಷ್ಟು ಖಾಲಿ ಜಾಗ. ನ್ಯಾಯವಾಗಿ ನೋಡಿದರೆ ಆ ಖಾಲಿ ಜಾಗವನ್ನು ವಿದ್ಯುತ್ತು ದಾಟಬಾರದು. ಆದರೆ ಎಲೆಕ್ಟ್ರಾನು ನ್ಯಾಯ ಕೇಳುವ ಜಾತಿಯಲ್ಲ. ಗೋಡೆ ಹತ್ತದೆ, ಗೋಡೆ ಒಡೆಯದೆ, ಆಚೆ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಟನೆಲಿಂಗ್ ಎನ್ನುವುದು, ಸುರಂಗ ಕೊರೆದ ಹಾಗೆ. ಹಾಗೆ ದಾಟಿ ಬರುವ ಚೂರು ವಿದ್ಯುತ್ತು, ಮೊನೆ ಒಂದು ಪರಮಾಣುವಿನ ಅರ್ಧದಷ್ಟು ದೂರ ಸರಿದರೂ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಆ ಏರಿಳಿತ ಹಿಡಿದುಕೊಂಡೇ ಮೊನೆಯನ್ನು ಮೇಲ್ಮೈಯ ಉಬ್ಬುತಗ್ಗಿಗೆ ತಕ್ಕ ಹಾಗೆ ಮೇಲೆ ಕೆಳಗೆ ಮಾಡುತ್ತ, ಗದ್ದೆ ಉಳುವ ಹಾಗೆ ಸಾಲಿನ ಬದಿಗೆ ಸಾಲು ಎಳೆಯುತ್ತ ಹೋದರೆ, ಕಂಪ್ಯೂಟರಿನಲ್ಲಿ ನೆಲದ ನಕ್ಷೆ ಮೂಡುತ್ತದೆ. ಕಣ್ಣಿನಿಂದ ನೋಡುವುದಲ್ಲ, ತಡವಿ ತಿಳಿಯುವುದು. ಅದೂ ಮುಟ್ಟದೆ.

ಇಷ್ಟರಲ್ಲಿ ಸಂಚಾಲಕರು ಒಂದು ಶಬ್ದವನ್ನು ಮಾತ್ರ ಹೆಕ್ಕಿಕೊಂಡರು. "ನಮ್ಮ ಕಾಲೇಜಿನ ಈ ಸುರಂಗ ಯಂತ್ರ..." ಎಂದು ಅವರು ಮೈಕಿನಲ್ಲಿ ಶುರು ಮಾಡಿದಾಗಲೇ ನನಗೆ ಅನುಮಾನವಾಯಿತು. ಮರುದಿನ ಪತ್ರಿಕೆಯ ಒಳಪುಟದಲ್ಲಿ, ಒಬ್ಬ ಬಾತ್ಮೀದಾರನ ಕೃಪೆಯಿಂದ, "ಗ್ರಾಮೀಣ ಕಾಲೇಜಿಗೆ ಸುರಂಗ ಪತ್ತೆ ಯಂತ್ರ" ಎಂದು ಅಚ್ಚಾಯಿತು.

ನಮ್ಮ ಸೀಮೆಯಲ್ಲಿ ಸುರಂಗವೆಂದರೆ ಏನು ಎಂದು ಗೊತ್ತಿದ್ದವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಬಾವಿ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ಹರಿಸಿಕೊಳ್ಳುವುದು ವಿಟ್ಲದ ಆಚೆಯ ಗುಡ್ಡಗಳಲ್ಲಿ ಹಳೆಯ ಪದ್ಧತಿ. ಆ ವಾರವೇ ವಿಟ್ಲ ಕಡೆಯ ಒಬ್ಬ ಹಿರಿಯರು ಎರಡು ಬಸ್ಸು ಬದಲಾಯಿಸಿ ನನ್ನನ್ನು ಹುಡುಕಿಕೊಂಡು ಬಂದರು. ಒಗೆದು ಮಡಿಸಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ.

"ನಮ್ಮ ಗುಡ್ಡೆಯಲ್ಲಿ ಸುರಂಗ ಅರ್ಧಕ್ಕೆ ನಿಂತಿದೆ," ಎಂದರು. "ಮುಂದೆ ಪಾದೆಕಲ್ಲು ಸಿಕ್ಕಿತು, ಗಟ್ಟಿ ಬಂಡೆ. ಕಲ್ಲಿನ ಆಚೆ ನೀರುಂಟಾ ಇಲ್ವಾ ಅಂತ ನಿಮ್ಮ ಮಶೀನಿನಲ್ಲಿ ನೋಡಿ ಹೇಳ್ಬೇಕಿತ್ತು. ಒಂದು ದಿನ ಗುಡ್ಡೆಗೆ ತರ್ಲಿಕ್ಕೆ ಆಗ್ತದಾ? ನಾನು ಜೀಪು ಮಾಡ್ತೇನೆ."

ನಾನು ಅವರನ್ನು ಮೇಲೆ ಕರೆದುಕೊಂಡು ಹೋಗಿ ಯಂತ್ರ ತೋರಿಸಿದೆ. ಇದು ನೋಡುವ ಜಾಗ ಒಂದು ಸಾಸಿವೆ ಕಾಳಿನ ಮೇಲೆ ಕೂತ ಧೂಳಿಗಿಂತಲೂ ಎಷ್ಟೋ ಸಣ್ಣದು ಎಂದು ಹೇಳಿದೆ. ಅವರು ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

"ಹಾಗಾದ್ರೆ ಇದರಿಂದ ಉಪಯೋಗ ಎಂತ?"

"ಕಲಿಯುದು."

"ಹ್ಞೂಂ," ಎಂದರು ಅವರು, ನನ್ನ ಬಗ್ಗೆ ನಿಜವಾದ ಕನಿಕರದಿಂದ. ಬಸ್ಸಿಗೆ ಹೊತ್ತಾಯಿತೆಂದು ಕೊಡೆ ಎತ್ತಿಕೊಂಡು ಹೊರಟರು. ಅವರು ಹೋದ ಮೇಲೆ ಎಲೆಚುಕ್ಕಿ ರೋಗ ಬಿದ್ದ ಅಡಿಕೆ ಸೋಗೆ ಹಿಡಿದುಕೊಂಡು ಒಬ್ಬರು ಬಂದರು; ಯಾರದೋ ಬಂಗಾರದ ಬಳೆ ನೂರಕ್ಕೆ ನೂರು ಬಂಗಾರವೇ ಎಂದು ನೋಡಿಕೊಡಬೇಕೆಂದು ಇನ್ನೊಬ್ಬರ ಫೋನು ಬಂತು. ಪ್ರಿನ್ಸಿಪಾಲರಿಗೆ ಮಾತ್ರ ಇದೆಲ್ಲ ಸಂತೋಷ. "ಪಬ್ಲಿಸಿಟಿ ಒಳ್ಳೆದಾಯ್ತು ಮೇಡಂ!"

ಪಬ್ಲಿಸಿಟಿ ಆಯಿತು, ಪರಮಾಣು ಆಗಲಿಲ್ಲ. ನಾನು ಮತ್ತು ನನ್ನ ಎಂ.ಎಸ್ಸಿ. ವಿದ್ಯಾರ್ಥಿನಿ ಒಬ್ಬಳು ವಾರಗಟ್ಟಲೆ ಆ ಗಾಜಿನ ಕೋಣೆಯಲ್ಲಿ ಕುಳಿತೆವು. ಅವಳು ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಂ ಮನೆತನದವಳು, ತಂದೆಗೆ ಬಿ.ಸಿ. ರೋಡಿನಲ್ಲಿ ಟಯರು, ಟ್ಯೂಬಿನ ಅಂಗಡಿ. ಮಾತು ಕಡಿಮೆ, ಹಟ ಹೆಚ್ಚು. ಪ್ರಾಜೆಕ್ಟಿಗೆ ಇದೇ ಬೇಕೆಂದು ಕೇಳಿ ತೆಗೆದುಕೊಂಡಿದ್ದಳು. ಪ್ಲಾಟಿನಂ ತಂತಿಯನ್ನು ಕಟಿಂಗ್ ಪ್ಲಯರಿನಲ್ಲಿ ಹಿಡಿದು, ಓರೆಯಾಗಿ ಕತ್ತರಿಸುತ್ತಲೇ ಜಗ್ಗಿ ಮೊನೆ ಮಾಡಬೇಕು. ಪರಮಾಣು ನೋಡುವ ವಿಜ್ಞಾನದ ತುದಿಯಲ್ಲಿ ಇರುವುದು ಎಲೆಕ್ಟ್ರಿಷಿಯನ್ನನ ಚೀಲದ ಸಾಮಾನು. ನೋಡುವ ವಸ್ತು ಗ್ರಾಫೈಟು, ಅಂದರೆ ಪೆನ್ಸಿಲಿನ ಕಡ್ಡಿಯ ಶ್ರೀಮಂತ ನೆಂಟ. ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಹಳೆಯ ಪದರ ಎದ್ದು ಬಂದು ಅಡಿಯಲ್ಲಿ ಹೊಸ, ಶುದ್ಧ, ಸಪಾಟಾದ ನೆಲ ಸಿಗುತ್ತದೆ.

ಇಷ್ಟೆಲ್ಲ ಮಾಡಿ ಮೊನೆಯನ್ನು ಹತ್ತಿರ ತಂದು ಸ್ಕ್ಯಾನ್ ಶುರು ಮಾಡಿದರೆ ತೆರೆಯ ಮೇಲೆ ಬರುತ್ತಿದ್ದದ್ದು ದಪ್ಪ ದಪ್ಪ ಪಟ್ಟೆಗಳು. ಪಟ್ಟೆಗೂ ಪಟ್ಟೆಗೂ ನಡುವೆ ಒಂದು ಲಯವಿತ್ತು. ಮೂರನೆಯ ದಿನ ನನ್ನ ವಿದ್ಯಾರ್ಥಿನಿ ಗೋಡೆಗೆ ಕಿವಿ ಕೊಟ್ಟು, "ಮೇಡಂ, ಇದು ತಕಧಿಮಿ," ಎಂದಳು.

ಆಚೆ ಕೋಣೆಯಲ್ಲಿ ನೃತ್ಯ ತಂಡದವರು ನೆಲಕ್ಕೆ ಪಾದ ಬಡಿದಾಗಲೆಲ್ಲ ನಮ್ಮ ತೆರೆಯ ಮೇಲೆ ಒಂದು ಪಟ್ಟೆ. ಅವರು ನಿಲ್ಲಿಸಿದರೆ ಲಿಫ್ಟು. ಲಿಫ್ಟು ನಿಂತರೆ ಕರೆಂಟು ಹೋಗಿ ಜನರೇಟರು. ಒಂದು ದಿನ ಪ್ರಿನ್ಸಿಪಾಲರು ಬಂದು ನನ್ನ ಹೆಗಲ ಮೇಲಿಂದ ತೆರೆ ನೋಡಿ, "ಓ, ಬಂತಲ್ಲ! ಇದೇ ಪರಮಾಣುವಾ?" ಎಂದರು.

"ಅಲ್ಲ ಸರ್, ಇದು ಭರತನಾಟ್ಯ."

ಅವರು ನಗಲಿಲ್ಲ. ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಮಾಪನ ತಂಡ ಬರುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. "ಮೇಡಂ, ಕಾರಿಡಾರಿಗೆ ಒಂದು ದೊಡ್ಡ ಫ್ಲೆಕ್ಸು ಮಾಡಿಸ್ಬೇಕು. ನಿಮ್ಮ ಪರಮಾಣುವಿನ ಫೋಟೊ ನಾಳೆ ಕೊಡಿ."

"ಇನ್ನೂ ಸಿಕ್ಕಲಿಲ್ಲ ಸರ್. ಕೆಳಗೆ ಜಾಗ ಕೊಟ್ರೆ..."

"ಜಾಗದ ವಿಷಯ ಆಮೇಲೆ ನೋಡುವ. ಫೋಟೊಕ್ಕೆ ಎಂತ, ನೆಟ್ಟಿನಲ್ಲಿ ಬೇಕಾದಷ್ಟು ಉಂಟಲ್ಲ. ಎಲ್ಲ ಪರಮಾಣುವೂ ಒಂದೇ ಅಲ್ವಾ? ನೀವೇ ಪಾಠ ಮಾಡುದು."

ಅವರ ತರ್ಕದಲ್ಲಿ ಭೌತಶಾಸ್ತ್ರದ ದೃಷ್ಟಿಯಿಂದ ತಪ್ಪೇನೂ ಇರಲಿಲ್ಲ. ಒಂದು ಇಂಗಾಲದ ಪರಮಾಣುವಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ನೋಡಿದವರಿಗೂ ನೋಡದವರಿಗೂ ನಡುವೆ. ಆದರೆ ಅದನ್ನು ನಾನು ಹೇಳುವಷ್ಟರಲ್ಲಿ ಅವರು ಲಿಫ್ಟಿನಲ್ಲಿ ಇಳಿದು ಹೋಗಿದ್ದರು. ಮೂರು ದಿನದಲ್ಲಿ ಬೆಳ್ತಂಗಡಿಯಿಂದ ಫ್ಲೆಕ್ಸು ಬಂತು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೇರಳೆ ಬಣ್ಣದ ಗೋಲಿಗಳು, ಗೋಲಿಗಳ ನಡುವೆ ಕಿತ್ತಳೆ ಬಣ್ಣದ ಕಡ್ಡಿಗಳು, ಹಿಂದೆ ಸೂರ್ಯೋದಯ. ಮೇಲೆ: "ನಮ್ಮ ಪ್ರಯೋಗಾಲಯದಲ್ಲಿ ಕಂಡ ಪರಮಾಣು." ಬಲಗಡೆ ಸಂಚಾಲಕರ ಭಾವಚಿತ್ರ, ಒಂದೊಂದು ಗೋಲಿಗಿಂತ ಕೊಂಚ ದೊಡ್ಡದು. ಯಾರೋ ಕಲಾವಿದ ಕಂಪ್ಯೂಟರಿನಲ್ಲಿ ಬಿಡಿಸಿ ಮಾರಾಟಕ್ಕಿಟ್ಟ ಚಿತ್ರ ಅದು. ಮಾರುವವರ ಗುರುತು ಮೂಲೆಯಲ್ಲಿ ಮಸುಕಾಗಿ ಉಳಿದಿತ್ತು; ಅದರ ಮೇಲೆ ಕಾಲೇಜಿನ ಲಾಂಛನ ಕೂರಿಸಿದ್ದರು. ಪೂರ್ತಿ ಮುಚ್ಚಿರಲಿಲ್ಲ.

ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಇದು ಸುಳ್ಳಾಗುತ್ತದೆ ಸರ್, ತೆಗೆಸಿ ಎಂದೆ. ಅವರು ನನಗೆ ಚಹಾ ತರಿಸಿದರು. ಚಹಾ ಕುಡಿದು ಮುಗಿಯುವವರೆಗೂ ಕಾಲೇಜಿನ ಭವಿಷ್ಯದ ಬಗ್ಗೆ ಮಾತನಾಡಿದರು. ಫ್ಲೆಕ್ಸಿನ ಬಗ್ಗೆ ಮಾತನಾಡಲಿಲ್ಲ. ಹೊರಗೆ ಬಂದಾಗ ನನಗೆ ಮೈ ಉರಿಯುತ್ತಿತ್ತು. ನನ್ನ ವಿದ್ಯಾರ್ಥಿನಿ ಕಾರಿಡಾರಿನಲ್ಲಿ ಆ ಗೋಲಿಗಳ ಎದುರು ಕೈ ಕಟ್ಟಿಕೊಂಡು ನಿಂತಿದ್ದಳು.

"ಮೇಡಂ, ಇವರು ಕೆಳಗೆ ಜಾಗ ಕೊಡುದಿಲ್ಲ. ನಾವೇ ತೆಕ್ಕೊಳ್ಳುವ," ಎಂದಳು.

"ಎಲ್ಲಿ?"

"ಬನ್ನಿ, ತೋರಿಸ್ತೇನೆ."

ಕ್ಯಾಂಟೀನಿನ ಹಿಂದೆ, ಕಟ್ಟಡ ಕಟ್ಟುವಾಗ ಸಿಮೆಂಟು ಇಡಲೆಂದು ಮಾಡಿದ ಒಂದು ಗೂಡಿನಂಥ ಕೋಣೆ ಇತ್ತು. ಕೆಂಪುಕಲ್ಲಿನ ಗೋಡೆ, ಕಿಟಕಿಯಿಲ್ಲ. ಗುಡ್ಡ ಕತ್ತರಿಸುವಾಗ ಜೆಸಿಬಿಗೂ ಬಗ್ಗದೆ ಉಳಿದ ಪಾದೆಕಲ್ಲೇ ಅದರ ನೆಲ. ಒಳಗೆ ಮುರಿದ ಬೆಂಚುಗಳು, ಹಿಂದಿನ ವರ್ಷಗಳ ಫ್ಲೆಕ್ಸುಗಳ ಸುರುಳಿಗಳು, ಒಂದು ಬೆಕ್ಕಿನ ಸಂಸಾರ. ನಾನು ನೆಲದ ಮೇಲೆ ಕಾಲು ಬಡಿದು ನೋಡಿದೆ. ಸದ್ದೇ ಇಲ್ಲ. ಗುಡ್ಡ ಅಲುಗಿದರೆ ಮಾತ್ರ ಅದು ಅಲುಗಬೇಕು.

ಅನುಮತಿ ಕೇಳಲು ಹೋಗಲಿಲ್ಲ. ಕೇಳಿದರೆ ಉದ್ಘಾಟನೆ ಮಾಡುತ್ತಿದ್ದರು. ಅವಳು ತಂದೆಯ ಅಂಗಡಿಯಿಂದ ಸ್ಕೂಟರಿನ ನಾಲ್ಕು ಟ್ಯೂಬುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಕ್ಯಾಂಟೀನಿನ ಹಳೆಯ ಅಡುಗೆಕಟ್ಟೆಯಿಂದ ಕಿತ್ತೆಸೆದ ಕರಿಕಲ್ಲಿನ ಹಲಗೆಯನ್ನು ನಾಲ್ಕು ಜನ ವಿದ್ಯಾರ್ಥಿಗಳು ಹೊತ್ತು ತಂದರು. ಟ್ಯೂಬುಗಳಿಗೆ ಅರ್ಧ ಗಾಳಿ ತುಂಬಿಸಿ ನೆಲದ ಮೇಲೆ ಹಾಸಿ, ಅವುಗಳ ಮೇಲೆ ಆ ಹಲಗೆ ಇಟ್ಟು, ಹಲಗೆಯ ಮೇಲೆ ಯಂತ್ರ. ನೆಲದಿಂದ ಬರುವ ಸಣ್ಣಪುಟ್ಟ ನಡುಕವೆಲ್ಲ ಟ್ಯೂಬಿನ ಗಾಳಿಯಲ್ಲೇ ಸತ್ತು ಹೋಗಬೇಕು, ಉಳಿದದ್ದನ್ನು ಕಲ್ಲಿನ ಭಾರ ಒತ್ತಿ ಹಿಡಿಯಬೇಕು. ಗಾಳಿ, ಸದ್ದು ತಾಗದಂತೆ ಯಂತ್ರದ ಮೇಲೆ ಕ್ಯಾಂಟೀನಿನವರದೇ ಒಂದು ದೊಡ್ಡ ಪಾತ್ರೆ ಬೋರಲು ಹಾಕಿದೆವು. ಅಂತರರಾಷ್ಟ್ರೀಯ ಗುಣಮಟ್ಟ ಎಂದು ಭಾಷಣದಲ್ಲಿ ಹೇಳಿಸಿಕೊಂಡ ಉಪಕರಣ ಸಾಂಬಾರಿನ ಪಾತ್ರೆಯ ಅಡಿಯಲ್ಲಿ ಬೆಕ್ಕಿನ ಮರಿಗಳ ಪಕ್ಕ ಕೂತಿತು.

ಮೇಲಿನ ಗಾಜಿನ ಕೋಣೆ ಖಾಲಿಯಾದದ್ದು ಯಾರ ಗಮನಕ್ಕೂ ಬರಲಿಲ್ಲ. ಮೇಜಿನ ಮೇಲೆ ಅದರ ಖಾಲಿ ಪೆಟ್ಟಿಗೆಯನ್ನು ಬಿಟ್ಟು ಬಂದಿದ್ದೆವು. ನೋಡಲು ಬಂದವರೆಲ್ಲ ಅದನ್ನೇ ನೋಡಿ ತಲೆದೂಗಿ ಹೋಗುತ್ತಿದ್ದರಂತೆ.

ಒಂದು ಮಧ್ಯಾಹ್ನ, ಇಡೀ ಕಾಲೇಜು ಮೌಲ್ಯಮಾಪನದ ರಿಹರ್ಸಲ್ಲಿಗೆಂದು ಮೈದಾನದಲ್ಲಿ ಸಾಲು ನಿಂತಿದ್ದಾಗ, ನಾವಿಬ್ಬರು ಆ ಗೂಡಿನಲ್ಲಿ ಬೆವರುತ್ತ ಕುಳಿತಿದ್ದೆವು. ಅವಳು ಮೊನೆ ಕತ್ತರಿಸಿ ಕೂರಿಸಿದಳು, ನಾನು ಟೇಪು ಕಿತ್ತೆ. ಮೊದಲ ಮೊನೆ ಗ್ರಾಫೈಟಿಗೆ ಹೋಗಿ ಗುದ್ದಿತು. ಎರಡನೆಯದು ಮೊಂಡು. ಮತ್ತೊಂದು, ಮಗದೊಂದು. ಆಮೇಲೆ ಒಂದು ಮೊನೆಯಲ್ಲಿ ತೆರೆಯ ಮೇಲಿನಿಂದ ಗೆರೆಗಳು ಇಳಿಯತೊಡಗಿದವು. ಮೊದಲ ಗೆರೆಯಲ್ಲಿ ಬರಿ ಏರಿಳಿತ. ಎರಡನೆಯದರಲ್ಲಿ ಅದೇ ಏರಿಳಿತ ಕೊಂಚ ಸರಿದು. ಹತ್ತಾರು ಗೆರೆ ಇಳಿಯುವಷ್ಟರಲ್ಲಿ ಅವು ಚುಕ್ಕೆಗಳಾದವು. ಮಂಜಿನಲ್ಲಿ ಕಂಡಂಥ ಬೂದು ಚುಕ್ಕೆಗಳು, ಆದರೆ ಸಾಲು ತಪ್ಪದೆ, ಕೊನೆಯಿಲ್ಲದೆ, ಭತ್ತದ ನೇಜಿ ನೆಟ್ಟ ಹಾಗೆ ಸಾಲು ಸಾಲು.

ತೆರೆ ಪೂರ್ತಿ ತುಂಬಿದ ಮೇಲೆ ಅವಳು ಮೆಲ್ಲಗೆ, "ಯಾ ಅಲ್ಲಾ... ಮೇಡಂ, ಇದು ನಿಜವಾಗಿ ಅಲ್ಲಿ ಉಂಟು," ಎಂದಳು.

"ಉಂಟು."

"ನಾವು ನೋಡದಿದ್ರೂ ಇರ್ತಿತ್ತು."

"ಇರ್ತಿತ್ತು."

"ಆದ್ರೆ ಸ್ವಲ್ಪ ಓರೆ ಉಂಟು ಮೇಡಂ."

ಓರೆ ಇತ್ತು. ಆ ಸೆಕೆಗೆ ಯಂತ್ರವೇ ಚೂರು ಹಿಗ್ಗುತ್ತಿದ್ದುದರಿಂದ, ಮೊನೆ ಕೊನೆಯ ಗೆರೆ ಮುಗಿಸುವಷ್ಟರಲ್ಲಿ ಗ್ರಾಫೈಟು ಜಾರಿ, ಚಿತ್ರ ಒಂದು ಕಡೆಗೆ ವಾಲಿತ್ತು. ನನಗೆ ಅದರ ಓರೆಯೂ ಚಂದ ಕಂಡಿತು. ಕಣ್ಣು ಒದ್ದೆಯಾಗಿದ್ದನ್ನು ಸೆಕೆಯ ಲೆಕ್ಕಕ್ಕೆ ಹಾಕಿ ಸೆರಗಿನಿಂದ ಒರೆಸಿಕೊಂಡೆ. ಹೊರಗೆ ಮೈದಾನದಲ್ಲಿ ಪ್ರಿನ್ಸಿಪಾಲರು ಮೈಕಿನಲ್ಲಿ, ಅತಿಥಿಗಳು ಬಂದಾಗ ಯಾವ ಹೊತ್ತಿಗೆ ಚಪ್ಪಾಳೆ ತಟ್ಟಬೇಕೆಂದು ಕಲಿಸುತ್ತಿದ್ದರು.

ಚಿತ್ರದ ಪ್ರತಿಯನ್ನು ಮರುದಿನ ಅವರಿಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು. "ಇದು ಬೂದು ಉಂಟಲ್ಲ ಮೇಡಂ. ಫ್ಲೆಕ್ಸಿನದ್ದು ಎಷ್ಟು ಪೊರ್ಲು ಉಂಟು! ಇದನ್ನು ಹಾಕಿದ್ರೆ ನಮ್ಮ ಮಶೀನು ಹಾಳಾಗಿದೆ ಅಂತ ಎಣಿಸ್ತಾರೆ." ಅದನ್ನು ಮೇಜಿನ ಮೇಲೆ ಮಗುಚಿಟ್ಟು, ಅದರ ಮೇಲೆ ಚಹಾದ ಕಪ್ಪು ಇಟ್ಟರು.

ಮೌಲ್ಯಮಾಪನ ತಂಡ ಬಂತು. ಹಾರ, ಪೇಟ, ಚೆಂಡೆ, ನೃತ್ಯ, ಊಟಕ್ಕೆ ಕೋಳಿಸಾರಿನ ಜೊತೆ ಕೋರಿರೊಟ್ಟಿ. ತಂಡದ ಮುಖ್ಯಸ್ಥರು ವಾಣಿಜ್ಯಶಾಸ್ತ್ರದವರು; ಫ್ಲೆಕ್ಸಿನ ಎದುರು ನಿಂತು ಫೋಟೊ ತೆಗೆಸಿಕೊಂಡರು. ಅವರ ಜೊತೆಗೆ ಘಟ್ಟದ ಮೇಲಿನ ಒಬ್ಬ ಎಲೆಕ್ಟ್ರಾನಿಕ್ಸ್ ಪ್ರೊಫೆಸರು ಬಂದಿದ್ದರು. ಅವರು ನನ್ನ ಕಡೆ ತಿರುಗಿ, "ಇದು ನೀವೇ ತೆಗೆದದ್ದೇನಮ್ಮ?" ಎಂದು ಕೇಳಿದರು.

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ಸಂಚಾಲಕರೂ ನೋಡಿದರು. ಫ್ಲೆಕ್ಸಿನ ಮೇಲಿನ ಸಂಚಾಲಕರೂ ನೋಡಿದ ಹಾಗಾಯಿತು.

"ಅಲ್ಲ ಸರ್," ಎಂದೆ. "ಇದು ಯಾರೋ ಬಿಡಿಸಿದ ಚಿತ್ರ. ನಾವು ತೆಗೆದದ್ದು ಕೆಳಗೆ ಉಂಟು, ಕ್ಯಾಂಟೀನಿನ ಹಿಂದೆ."

ಮುಖ್ಯಸ್ಥರು ಕ್ಯಾಂಟೀನು ಎಂಬ ಶಬ್ದ ಕೇಳಿ ಊಟಕ್ಕೆ ಕರೆದರೆಂದು ತಿಳಿದು ಲಿಫ್ಟಿನ ಕಡೆ ಹೊರಟೇಬಿಟ್ಟರು. ಅವರ ಹಿಂದೆ ಎಲ್ಲರೂ. ಪ್ರೊಫೆಸರು ಮಾತ್ರ ನನ್ನ ಜೊತೆ ಆ ಗೂಡಿಗೆ ಬಂದರು. ನನಗೆ ಆ ಗಳಿಗೆಯಲ್ಲಿ ಎಷ್ಟು ಆಸೆ ಹುಟ್ಟಿತೆಂದು ಈಗ ನೆನೆದರೆ ನಗು ಬರುತ್ತದೆ. ವಿದ್ಯಾರ್ಥಿನಿ ಎದ್ದು ನಿಂತು ತೆರೆ ತೋರಿಸಿದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಗ್ರಾಫೈಟ್ ಅಂದರೆ ಆರು ಮೂಲೆಯ ಜೇನುಗೂಡಿನ ಥರ ಇರಬೇಕಲ್ಲಮ್ಮ? ಇಲ್ಲಿ ಆರರಲ್ಲಿ ಮೂರೇ ಕಾಣುತ್ತಿವೆ."

"ಹೌದು ಸರ್," ಎಂದಳು ಅವಳು. "ಗ್ರಾಫೈಟಿನಲ್ಲಿ ಪದರದ ಅಡಿಗೆ ಪದರ ಉಂಟಲ್ಲ. ಮೇಲಿನ ಪದರದಲ್ಲಿ ಅರ್ಧ ಪರಮಾಣುಗಳ ನೇರ ಅಡಿಯಲ್ಲಿ ಇನ್ನೊಂದು ಪರಮಾಣು ಇರ್ತದೆ, ಉಳಿದ ಅರ್ಧಕ್ಕೆ ಇರುದಿಲ್ಲ. ಅಡಿಯಲ್ಲಿ ಇಲ್ಲದ್ದರಿಂದ ಕರೆಂಟು ಚೆನ್ನಾಗಿ ಬರ್ತದೆ, ಅದು ಎದ್ದು ಕಾಣ್ತದೆ. ಇನ್ನೊಂದು ಅಲ್ಲೇ ಉಂಟು, ಆದ್ರೆ ಕಾಣುದು ಕಡಿಮೆ. ಈ ಯಂತ್ರ ಪರಮಾಣುವಿನ ಫೋಟೊ ತೆಗೆಯುದಲ್ಲ ಸರ್, ಎಲೆಕ್ಟ್ರಾನು ಎಲ್ಲಿ ಸುಲಭವಾಗಿ ಸಿಗ್ತದೆ ಅಂತ ಹೇಳುದು."

ಪಾಠದ ಪುಸ್ತಕ ಓದಿದ ಹಾಗಲ್ಲ, ನೆರೆಮನೆಯವರ ವಿಷಯ ಹೇಳುವ ಹಾಗೆ ಹೇಳಿದಳು. ಪ್ರೊಫೆಸರು ಅವಳ ಮಾತನ್ನು ಪೂರ್ತಿ ಕೇಳಿ, ತಲೆದೂಗಿ, ಅವಳ ಬೆನ್ನು ತಟ್ಟಿ, "ಒಳ್ಳೆಯ ಪ್ರಯತ್ನ. ಆದರೆ ಮೇಲಿನ ಫ್ಲೆಕ್ಸಿನಲ್ಲಿ ಎಲ್ಲ ಆರೂ ಕಾಣುತ್ತೆ ನೋಡು," ಎಂದರು. ಕೋಳಿಸಾರು ತಣ್ಣಗಾಗುತ್ತದೆಂದು ಕರೆಯಲು ಯಾರೋ ಬಂದರು.

ವರದಿ ಬಂದಾಗ ಕಾಲೇಜಿಗೆ ಒಳ್ಳೆಯ ದರ್ಜೆ ಸಿಕ್ಕಿತ್ತು. ಅತ್ಯಾಧುನಿಕ ಪ್ರಯೋಗಾಲಯಕ್ಕೆ ವಿಶೇಷ ಮೆಚ್ಚುಗೆ. ಕೊನೆಗೆ ಒಂದು ಸಲಹೆ: ಎಲ್ಲ ಪರಮಾಣುಗಳೂ ಕಾಣುವಂಥ ಇನ್ನೂ ಉತ್ತಮ ಸೂಕ್ಷ್ಮದರ್ಶಕವನ್ನು ಕಾಲೇಜು ಹೊಂದಬೇಕು. ಸಂಚಾಲಕರು ಪ್ರಿನ್ಸಿಪಾಲರಿಗೆ ಶಾಲು ಹೊದಿಸಿದರು, ಪ್ರಿನ್ಸಿಪಾಲರು ಸಂಚಾಲಕರಿಗೆ ಶಾಲು ಹೊದಿಸಿದರು. ನನ್ನನ್ನು ಕರೆದು, "ಎಂತ ಮೇಡಂ, ನೀವು ಅವತ್ತು ಹಾಗೆ ಹೇಳಿಬಿಟ್ರಲ್ಲ," ಎಂದು ಸಂಚಾಲಕರು ನೊಂದುಕೊಂಡರು. "ಪುಣ್ಯಕ್ಕೆ ಅವರು ಯಾರೂ ಕೇಳಿಸಿಕೊಳ್ಳಲಿಲ್ಲ." ಸಿಟ್ಟಿರಲಿಲ್ಲ ಅವರಿಗೆ. ಕ್ಯಾಂಟೀನಿನ ಹಿಂದಿನ ಗೂಡು ನನಗೇ ಇರಲಿ ಎಂದೂ ಹೇಳಿದರು. ಅಲ್ಲಿಗೆ ಗೆಸ್ಟುಗಳನ್ನು ಕರೆದೊಯ್ಯುವುದು ಮಾತ್ರ ಬೇಡ. ನನಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ಎಂ.ಎಸ್ಸಿ. ಮುಗಿಸಿದ ಮೇಲೆ ನನ್ನ ವಿದ್ಯಾರ್ಥಿನಿ ಒಂದು ಕಾಲೇಜಿಗೆ ಉಪನ್ಯಾಸಕಿಯ ಸಂದರ್ಶನಕ್ಕೆ ಹೋದಳು. ಪರಮಾಣುಗಳನ್ನು ನೋಡಿದ್ದೇನೆ ಎಂದಳಂತೆ. "ಹೌದಾ, ಒಳ್ಳೆದು. ಪ್ರೋಗ್ರಾಮುಗಳಿಗೆ ನಿರೂಪಣೆ ಮಾಡ್ಲಿಕ್ಕೆ ಬರ್ತದಾ?" ಎಂದು ಕೇಳಿದರಂತೆ. ಬರುವುದಿಲ್ಲ ಎಂದಳು, ಅಲ್ಲಿಗೆ ಅದು ಮುಗಿಯಿತು. ಈಗ ಉಜಿರೆಯಲ್ಲಿ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕಡೆ ಭೌತಶಾಸ್ತ್ರ ಕಲಿಸುತ್ತಾಳೆ. ಅಲ್ಲಿ ಈ ಸೂಕ್ಷ್ಮದರ್ಶಕವೆಂದರೆ ಒಂದು ಪ್ರಶ್ನೆ, ನಾಲ್ಕು ಆಯ್ಕೆ, ಸರಿಯುತ್ತರ 'ಬಿ'.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಫೋನು ಮಾಡಿ, "ಮೇಡಂ, ಮಕ್ಕಳನ್ನು ಕರ್ಕೊಂಡು ಬರ್ತೇನೆ, ತೋರಿಸುವ," ಎಂದಳು. ಉಜಿರೆಯಿಂದ ಬಸ್ಸಿನಲ್ಲಿ ಒಂದು ದಂಡೇ ಬಂತು. ಹಾಸ್ಟೆಲಿನ ಮಕ್ಕಳು, ಹೊರಗೆ ಬಿಟ್ಟದ್ದೇ ಅವರಿಗೆ ದೊಡ್ಡ ಹಬ್ಬ. ಒಬ್ಬ ಕೈ ಎತ್ತಿ, "ಇದು ಸಿಲೆಬಸ್ಸಿನಲ್ಲಿ ಇಷ್ಟು ವಿವರವಾಗಿ ಉಂಟಾ ಮೇಡಂ?" ಎಂದು ಕೇಳಿದ. ಇಲ್ಲ ಎಂದೆ. ಅರ್ಧ ಜನ ಗೋಳಿಬಜೆ ತಿನ್ನಲು ಹೋದರು. ಉಳಿದವರು ಆ ಗೂಡಿನೊಳಗೆ ಮೊಣಕಾಲು ತಬ್ಬಿಕೊಂಡು ನೆಲದ ಮೇಲೆ ಕುಳಿತರು. ಅವಳೇ ಮೊನೆ ಕತ್ತರಿಸಿದಳು, ಕೈ ಮರೆತಿರಲಿಲ್ಲ. ಗೆರೆಗಳು ಇಳಿಯತೊಡಗಿದವು. ಚುಕ್ಕೆಗಳು ಮೂಡುವ ಹೊತ್ತಿಗೆ ಹಿಂದೆ ಕುಳಿತಿದ್ದ ಒಬ್ಬ ಹುಡುಗಿಗೆ ತಡೆಯಲಾರದ ಸೀನು ಬಂತು. ಚಿತ್ರದ ನಡುಮಧ್ಯೆ ಅಡ್ಡಲಾಗಿ ಒಂದು ಗಾಯ ಬಿತ್ತು. ಎಲ್ಲರೂ ಅವಳ ಕಡೆ ತಿರುಗಿದರು.

"ಇನ್ನೊಂದು ತೆಗೆಯುವ," ಎಂದು ನಾನು ಅದನ್ನು ಅಳಿಸಲು ಹೋದೆ.

"ಬೇಡ ಮೇಡಂ, ಬೇಡ," ಎಂದಳು ಆ ಹುಡುಗಿ ಗಡಿಬಿಡಿಯಿಂದ ಎದ್ದು. "ನನಗೆ ಅದೇ ಕೊಡಿ."

ಫೋನಿಗೆ ಕಳಿಸಿಕೊಟ್ಟೆ. ಬಸ್ಸು ಬರುವವರೆಗೂ ಗೇಟಿನ ಬಳಿ ನಿಂತು, ಗೋಳಿಬಜೆ ತಿಂದು ಬಂದವರಿಗೆಲ್ಲ ತನ್ನ ಸೀನಿನ ಮೇಲೂ ಕೆಳಗೂ ಸಾಲು ನಿಂತ ಚುಕ್ಕೆಗಳನ್ನು ಬೆರಳಿಟ್ಟು ತೋರಿಸುತ್ತಿದ್ದಳು.